ಖಾಲಿ ಎಂದು ತೋರಿಸಿದ ಹನ್ನೆರಡನೆಯ ಡಿಸ್ಕು

ಆ ದಿನವೂ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಪಕ್ಕದ ಮನೆಯ ಮಾವ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ತಲೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ಗಲ್ಲವನ್ನು ಮೇಲೆತ್ತಿ, ಕಣ್ಣು ಮುಚ್ಚಿದ್ದರು. ಎಡಗೈಯ ತೋರುಬೆರಳು ಮೂಗಿನ ಬುಡದಲ್ಲಿ ಕಣ್ಣಿನ ಮೂಲೆಯನ್ನು ಒತ್ತಿ ಹಿಡಿದಿತ್ತು. ಔಷಧಿಯ ಒಂದು ಹನಿ ಕೆನ್ನೆಗುಂಟ ಜಾರಿ ಬಿಳಿ ಗಡ್ಡದ ಮೊಳಕೆಯಲ್ಲಿ ನಿಂತಿತ್ತು. ಬಲಗೈಯ ಹೆಬ್ಬೆರಳು ಮಾತ್ರ ಸುಮ್ಮನಿರದೆ ಉಳಿದ ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು.

ನಾನು ಸೊಂಟದೆತ್ತರದ ಕಾಂಪೌಂಡಿನ ಈಚೆ, ಮೊದಲ ದೋಸೆ ಹಿಡಿದುಕೊಂಡ ಕಾವಲಿಯನ್ನು ನಲ್ಲಿಯ ಕೆಳಗೆ ತಿಕ್ಕುತ್ತಿದ್ದೆ.

"ನೀರುದೋಸೆಯಾ?" ಕಣ್ಣು ತೆರೆಯದೆಯೇ ಕೇಳಿದರು. "ಮೊದಲನೇದು ಸೀದು ಹೋತಲ್ಲ."

"ನಿಮ್ಮ ಮೂಗಿಗೂ ಎರಡು ಹನಿ ಹಾಕಿ ಮಾವ. ನಮ್ಮನೆ ಮರ್ಯಾದೆ ಉಳೀತದೆ."

ಅವರು ಗಲ್ಲ ಕೆಳಗಿಳಿಸದೆ ನಕ್ಕರು. "ಹನ್ನೊಂದಕ್ಕೆ ಪೇಪರ್ ಓದಕ್ಕೆ ಬರ್ತೀಯಲ್ಲ?"

"ಬರ್ತೀನಿ."

ಹತ್ತೂವರೆಗೆ ಅವರು ಇರಲಿಲ್ಲ. ರೇಡಿಯೋ ಹಾಕಲೆಂದು ಎದ್ದವರು ಕುರ್ಚಿಯ ಕೈ ಹಿಡಿದುಕೊಂಡೇ ಕುಸಿದಿದ್ದರು. ಕೊಪ್ಪದ ಆಸ್ಪತ್ರೆ ನಮ್ಮ ಬೀದಿಯಿಂದ ಐದು ನಿಮಿಷದ ದಾರಿ. ಆ ಐದು ನಿಮಿಷವೂ ಬೇಕಾಗಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು.

ಮಾವ ಎಂದರೆ ಸಂಬಂಧದ ಮಾವನಲ್ಲ. ಆರು ವರ್ಷದ ಹಿಂದೆ ಅವರು ತಂಗಿಯೊಡನೆ ಪಕ್ಕದ ಮನೆಗೆ ಬಂದಾಗ, ಏನೆಂದು ಕರೆಯಬೇಕೋ ತಿಳಿಯದೆ ನಾನು 'ಅಂಕಲ್' ಎಂದಿದ್ದೆ. "ಬೊಂಬಾಯಲ್ಲಿ ಮೂವತ್ತು ವರ್ಷ ಅಂಕಲ್ ಅನ್ನಿಸ್ಕೊಂಡು ಸಾಕಾಗಿದೆ. ಇಲ್ಲಾದ್ರೂ ಮಾವ ಅನ್ನು ಮಾರಾಯ್ತಿ" ಎಂದಿದ್ದರು. ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಹುಟ್ಟಿದವರು. ಮುಂಬಯಿಯ ಒಂದು ದೊಡ್ಡ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ತಂಗಿ ನರಸಿಂಹರಾಜಪುರದಲ್ಲಿ ಶಾಲೆಯ ಟೀಚರಾಗಿದ್ದವರು. ಬೀದಿಯವರಿಗೆಲ್ಲ ಅವರು ಟೀಚರಕ್ಕ.

ಬೆರಳೆಣಿಕೆ ನೋಡಿ ಬೀದಿಯವರು ಮಾವನನ್ನು ದೊಡ್ಡ ಜಪದವರು ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡು ಒಮ್ಮೆ ಯಾವ ಮಂತ್ರ ಎಂದು ಕೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಬೆರಳಿಗೆ ಮೂರು ಗೆರೆ, ಮೇಲೆ ಒಂದು ತುದಿ, ನಾಲ್ಕು ಬೆರಳಿಗೆ ಹದಿನಾರು. ಅವರು ಜೀವಮಾನವೆಲ್ಲ ದುಡಿದ ಯಂತ್ರ ಹತ್ತರ ಲೆಕ್ಕದಲ್ಲಿ ಎಣಿಸುವುದಿಲ್ಲವಂತೆ, ಹದಿನಾರರ ಲೆಕ್ಕದಲ್ಲಿ ಎಣಿಸುತ್ತದಂತೆ. ಒಂಬತ್ತಾದ ಮೇಲೆ ಎ, ಬಿ, ಸಿ. ಮಾಹಿತಿ ತುಂಬಿಡುವ ಡಿಸ್ಕುಗಳಿಗೆಲ್ಲ ಅಂಥದೇ ನಂಬರು. ಕಣ್ಣಿಗೆ ಹನಿ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂರಬೇಕಲ್ಲ, ಆಗ ಅಂದು ಮಾಡಬೇಕಾದ ಕೆಲಸದ ಡಿಸ್ಕುಗಳನ್ನು ಬೆರಳ ಮೇಲೆ ಓದಿಕೊಳ್ಳುತ್ತಿದ್ದರು.

ಮೇನ್‌ಫ್ರೇಮ್ ಎಂಬುದು ನಾನು ಕೇಳಿದ ಹೆಸರಾಗಿರಲಿಲ್ಲ. "ನೋಡಕ್ಕೆ ಎರಡು ಬೀರು ಜೋಡಿಸಿಟ್ಟ ಹಂಗೆ ಇರ್ತದೆ. ಇಡೀ ದೇಶದ ಬ್ಯಾಂಕು, ವಿಮೆ ಎಲ್ಲಾ ಅದರ ಹೊಟ್ಟೇಲಿ" ಎಂದು ಅವರು ಹೇಳಿದ್ದರು. ಆ ಯಂತ್ರದ ಒಂದು ಮೂಲೆಯಲ್ಲಿ ಹಳೆಯ ವ್ಯವಸ್ಥೆ ಓಡುತ್ತಿರುವಾಗಲೇ ಇನ್ನೊಂದು ಮೂಲೆಯಲ್ಲಿ ಲಿನಕ್ಸ್ ಎಂಬ ಹೊಸ ವ್ಯವಸ್ಥೆಯನ್ನು ಕೂರಿಸುವುದು ಮಾವನ ನಿವೃತ್ತಿಯ ನಂತರದ ಕೆಲಸ. ಹಳೆಯ ಸಹೋದ್ಯೋಗಿಯೊಬ್ಬರ ಚಿಕ್ಕ ಕಂಪನಿ ಅವರಿಗೆ ಅದನ್ನು ಕೊಡುತ್ತಿತ್ತು. ಯಂತ್ರ ಎಲ್ಲೋ ಇರುತ್ತಿತ್ತು. ಇವರು ಕೊಪ್ಪದ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಫೋನಿನಲ್ಲಿ ಆ ಕಡೆಯವರ ಜೊತೆ ಮಾತಾಡುತ್ತ ಮಾಡುತ್ತಿದ್ದರು.

ಅವರಿಗೆ ಕಣ್ಣು ಹೋಗುತ್ತಿದೆ ಎಂಬುದು ಆ ಕಡೆಯವರಿಗೆ ಗೊತ್ತಿರಲಿಲ್ಲ. ಈ ಕಡೆ ಗೊತ್ತಿದ್ದದ್ದು ಟೀಚರಕ್ಕನಿಗೆ ಮತ್ತು ಕಣ್ಣಿನ ಡಾಕ್ಟರಿಗೆ. ಆಮೇಲೆ ನನಗೆ.

ನಮ್ಮವರು ಬಾಳೆಹೊನ್ನೂರಿನ ಬಸ್ಸು ಹಿಡಿದು ಕೆಲಸಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಮಾವ ಕಾಂಪೌಂಡಿನ ಹತ್ತಿರ ಬಂದು ನಿಂತರು. "ನೀನು ಕಾನ್ವೆಂಟಲ್ಲಿ ಓದಿದ್ದಂತೆ ಹೌದನಾ?"

"ಹೌದು ಮಾವ. ನರಸಿಂಹರಾಜಪುರದಲ್ಲಿ."

"ಇಂಗ್ಲಿಷು ದೊಡ್ಡಕ್ಷರ ಸಣ್ಣಕ್ಷರ, ಚುಕ್ಕಿ, ಕೊಮಾ, ಒಂದೂ ಬಿಡದೆ ಓದಿ ಹೇಳಕ್ಕೆ ಬರ್ತದಾ?"

ಸಿಸ್ಟರುಗಳು ಹತ್ತು ವರ್ಷ ಕಲಿಸಿದ್ದು ಮುಖ್ಯವಾಗಿ ಅದನ್ನೇ. ಬರುತ್ತದೆ ಎಂದೆ. ಓದಿ ಹೇಳುವ ತಂತ್ರಾಂಶವನ್ನು ಅವರು ಹಾಕಿ ನೋಡಿದ್ದರಂತೆ. ಆ ಕಪ್ಪು ಪರದೆಯ ಸಾಲುಗಳು ಅದಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ, ಸಿಕ್ಕರೆ ಅಡ್ಡಗೆರೆಗಳನ್ನೆಲ್ಲ ನುಂಗಿಬಿಡುತ್ತಿತ್ತು. "ನಿನಗೆ ಬೇಜಾರಾದ್ರೆ ನಾಳೆಯಿಂದ ಬರಬೇಡ" ಎಂದರು. ನಾನು ಮೂರು ವರ್ಷ ಹೋದೆ.

ಮೊದಲ ವಾರ ನನಗೆ ಬೈಗುಳವೇ ಜಾಸ್ತಿ. ಪರದೆಯ ಮೇಲೆ ಹತ್ತು ಸಾಲು ಬಂದರೆ ನಾನು ಓದಿಕೊಂಡು, "ಏನೋ ಡಿಸ್ಕು ಸಿಗ್ತಿಲ್ಲ ಅಂತ ಇದೆ ಮಾವ" ಎನ್ನುತ್ತಿದ್ದೆ.

"ಸಾರಾಂಶ ಬ್ಯಾಡ ಮಾರಾಯ್ತಿ. ಅಕ್ಷರ ಬೇಕು. ಅರ್ಥ ಮಾಡದು ನನ್ನ ಕೆಲಸ, ಓದದು ನಿನ್ನ ಕೆಲಸ. ಎರಡೂ ನೀನೇ ಮಾಡಿದ್ರೆ ನಾನು ಎಂತಕ್ಕೆ?"

ಅಕ್ಷರ ಓದಲು ಕಲಿತೆ. ಅವರು ತಲೆ ಒಂದು ಕಡೆಗೆ ವಾಲಿಸಿ, ಹೆಬ್ಬೆರಳನ್ನು ಗೆರೆಗಳ ಮೇಲೆ ಆಡಿಸುತ್ತ ಕೇಳುತ್ತಿದ್ದರು. ಒಂದು ಸಲ ಲಿನಕ್ಸ್ ಹಾಕುವಾಗ ಒಂದು ಡಿಸ್ಕು ಪಟ್ಟಿಯಲ್ಲೇ ಕಾಣಲಿಲ್ಲ. ಆ ಕಡೆಯವರು ಮೂರು ದಿನ ಹುಡುಕಿ, ಡಿಸ್ಕೇ ಕೆಟ್ಟಿದೆ ಎಂದು ತೀರ್ಮಾನಿಸಿದ್ದರು. ಮಾವ ನನ್ನಿಂದ ಒಂದು ಸಾಲು ಟೈಪು ಮಾಡಿಸಿದರು. ಮೂವತ್ತೆರಡು ನಂಬರುಗಳ ಪಟ್ಟಿ ಬಂತು. ಎಲ್ಲವನ್ನೂ ಓದಿಸಿದರು. ಹತ್ತೊಂಬತ್ತನೆಯದಕ್ಕೆ ಕೈ ಎತ್ತಿ ನಿಲ್ಲಿಸಿ, "ಅದು ಕೆಟ್ಟಿಲ್ಲ, ಮಲಗಿದೆ ಅಷ್ಟೆ. ಎಬ್ಬಿಸದೆ ಹೆಸರು ಕೂಗಿದ್ರೆ ಓ ಅಂತದಾ?" ಎಂದರು. ಡಿಸ್ಕನ್ನು ಮೊದಲು ಚಾಲೂ ಮಾಡಬೇಕಿತ್ತಂತೆ. ಒಂದು ಸಾಲು ಟೈಪಿಸಿದೆ. ಡಿಸ್ಕು ಪಟ್ಟಿಗೆ ಬಂತು. ಅವತ್ತು ಟೀಚರಕ್ಕ ಗಸಗಸೆ ಪಾಯಸ ಮಾಡಿದ್ದರು. ಮಾವ ಲೋಟ ಹಿಡಿದುಕೊಂಡು, "ಇವತ್ತಿನ ಕೆಲಸ ಇವಳದ್ದು. ನಾನು ಬರೀ ಕಿವಿ" ಎಂದದ್ದನ್ನು ನಾನು ಮನೆಗೆ ಬಂದು ನಮ್ಮವರಿಗೆ ಎರಡು ಸಲ ಹೇಳಿದ್ದೆ.

ಡಿಸ್ಕು ಕಾಣದಿರುವುದು ಸಣ್ಣ ತೊಂದರೆ. ಅವರು ಹೆದರುತ್ತಿದ್ದದ್ದು ಇನ್ನೊಂದಕ್ಕೆ. ಡಿಸ್ಕು ಕಾಣುತ್ತದೆ, ಆದರೆ ಲಿನಕ್ಸು ಅದನ್ನು 'ಫಾರ್ಮ್ಯಾಟ್ ಆಗಿಲ್ಲ' ಎನ್ನುತ್ತದೆ, ಮಾಡಲೇ ಎಂದು ಕೇಳುತ್ತದೆ. ಹಾಗೆಂದರೇನು ಎಂದು ನಾನು ಕೇಳಿದಾಗ ಹೇಳಿದರು: "ನಿಮ್ಮ ಸಿಸ್ಟರು ನಾಲ್ಕು ಗೆರೆ ಕಾಪಿ ಪುಸ್ತಕ ಕೊಡ್ತಿದ್ರಲ್ಲ, ಗೆರೆ ಇಲ್ಲದಿದ್ರೆ ನಿಂಗೆ ಬರೆಯಕ್ಕೆ ಬರ್ತಿರಲಿಲ್ಲ. ಹಂಗೇ ಇದು. ಮೊದಲು ಗೆರೆ ಹೊಡೀಬೇಕು. ಆದರೆ ಕೇಳು, ಕಾಪಿ ಪುಸ್ತಕ ಬಿಟ್ಟು ಬೇರೆ ನೋಡದ ಕೂಸಿಗೆ ಒಂದು ಜಾತಕ ಬರೆದ ಹಾಳೆ ಕೊಟ್ರೆ ಎಂತ ಅಂತದೆ? ಇದ್ರಲ್ಲಿ ಗೆರೆನೇ ಇಲ್ಲ ಅಂತದೆ. ಅದರಲ್ಲಿ ಒಬ್ಬನ ಇಡೀ ಜೀವನ ಇರ್ತದೆ. ಹಳೇ ವ್ಯವಸ್ಥೆ ಬರೆದ ಡಿಸ್ಕು ಲಿನಕ್ಸಿಗೆ ಹಂಗೆ ಕಾಣ್ತದೆ. ತನಗೆ ಓದಕ್ಕೆ ಬಾರದ್ದನ್ನೆಲ್ಲ ಖಾಲಿ ಅಂತದೆ. ಹೊಸ ಗೆರೆ ಹೊಡೆದ್ರೆ ಹಳೇದು ಹೋತು."

ಅದಕ್ಕೇ ಅವರು 'ಫಾರ್ಮ್ಯಾಟ್ ಆಗಿಲ್ಲ' ಎಂದು ಬಂದ ಪ್ರತಿ ಡಿಸ್ಕಿಗೂ ಎರಡು ಪ್ರಶ್ನೆ ಕೇಳಿಸುತ್ತಿದ್ದರು. ಇದು ಯಾರದ್ದು? ಕೊನೆಗೆ ಮುಟ್ಟಿದವರು ಯಾರು? ಉತ್ತರ ಕೊಡಬಲ್ಲವರು ಫೋನಿಗೆ ಬರುವ ತನಕ ನನ್ನ ಕೈ ಕೀಲಿಮಣೆಯಿಂದ ದೂರ, ಮಡಿಲಲ್ಲಿ ಇರಬೇಕಿತ್ತು. ಆ ಕಡೆಯವರು ಗೊಣಗುತ್ತಿದ್ದರು. ಇವರು, "ಗೊಣಗಲಿ. ಗೊಣಗಿದ್ದು ನಾಳೆಗೆ ಮರೀತದೆ" ಎನ್ನುತ್ತಿದ್ದರು.

ಹೋದ ವರ್ಷ ಒಂದು ಭಾನುವಾರ. ಯಂತ್ರ ಇದ್ದ ಸಂಸ್ಥೆಯವರು ಅದನ್ನು ಮಧ್ಯಾಹ್ನ ಎರಡು ಗಂಟೆಯ ತನಕ ಮಾತ್ರ ಬಿಟ್ಟುಕೊಟ್ಟಿದ್ದರು. ಟೀಚರಕ್ಕ ಹರಿಹರಪುರದಲ್ಲಿ ನೆಂಟರ ಮನೆಯ ಊಟಕ್ಕೆ ಹೋಗಿದ್ದರು. ಫೋನಿನ ಸ್ಪೀಕರಿನಲ್ಲಿ ಆ ಕಡೆಯ ಮೇಡಂ ಇದ್ದರು. ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ಚುರುಕು ಇಂಗ್ಲಿಷು. ಹನ್ನೆರಡು ಡಿಸ್ಕು ಫಾರ್ಮ್ಯಾಟ್ ಆಗಿಲ್ಲ ಎಂದು ಪರದೆ ತೋರಿಸಿತು. ನಾನು ಒಂದೊಂದೇ ನಂಬರು ಓದಿದೆ. ಲಿನಕ್ಸಿಗೆಂದು ಬಿಟ್ಟುಕೊಟ್ಟ ಡಿಸ್ಕುಗಳ ಪಟ್ಟಿ ಮೊದಲೇ ಬಂದಿತ್ತು, ಮಾವ ಅದರೊಡನೆ ಬೆರಳ ಮೇಲೆ ತಾಳೆ ಹಾಕಿದರು. ಹನ್ನೊಂದು ಸರಿಯಾಯಿತು. ಹನ್ನೆರಡನೆಯದು ಪಟ್ಟಿಯಲ್ಲಿರಲಿಲ್ಲ.

"ಇದು ಯಾರದ್ದು ಅಂತ ಡಿಸ್ಕು ನೋಡಿಕೊಳ್ಳೋರನ್ನ ಕೇಳಿ ಹೇಳಿ" ಎಂದು ಮಾವ ಮೇಡಂಗೆ ಹೇಳಿದರು. ಅವರು ಫೋನು ಹಾಗೇ ಇಟ್ಟು ಹೋದರು. ಹನ್ನೆರಡೂಕಾಲು ಆಗಿತ್ತು. ಮಧ್ಯಾಹ್ನದ ಹನಿ ಹಾಕುವ ಹೊತ್ತು ಮೀರುತ್ತಿತ್ತು. "ಹನಿ ಹಾಕ್ಕೊಂಡು ಬರ್ತೆ. ನೀನು ಎಂತದೂ ಮುಟ್ಟಬೇಡ" ಎಂದು ಗೋಡೆ ಹಿಡಿದುಕೊಂಡು ಹಿಂಬಾಗಿಲಿಗೆ ಹೋದರು.

ಐದು ನಿಮಿಷಕ್ಕೆ ಮೇಡಂ ಬಂದರು. ಭಾನುವಾರ ಯಾರೂ ಫೋನು ಎತ್ತುತ್ತಿಲ್ಲ ಎಂದರು. ಫಾರ್ಮ್ಯಾಟ್ ಆಗಿಲ್ಲ ಎಂದರೆ ಖಾಲಿ ಎಂದೇ ಅರ್ಥ, ಅಷ್ಟೂ ತಿಳಿಯದೇ, ಹನ್ನೆರಡನ್ನೂ ಆರಿಸಿ ಯೆಸ್ ಕೊಡಿ, ಎರಡು ಗಂಟೆಗೆ ಯಂತ್ರ ವಾಪಸು ಕೊಡಬೇಕು, ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಗದರಿದರು.

ಇದನ್ನು ಹೇಗೆ ಬರೆಯಲಿ? ಅವರು ಒತ್ತಾಯ ಮಾಡಿದರು ಎಂದರೆ ಸುಳ್ಳಾಗುತ್ತದೆ. "ಸರ್ ಬರಲಿ" ಎಂಬ ಎರಡು ಮಾತು ನನ್ನ ಬಾಯಲ್ಲಿತ್ತು. ಆದರೆ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು ಆ ದನಿಯಲ್ಲಿ ಗದರಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹತ್ತು ವರ್ಷ ಬೆಂಚಿನ ಮೇಲೆ ಕೂತು ಕಲಿತದ್ದು ಅದು. "ಯೆಸ್ ಮ್ಯಾಮ್" ಎಂದೆ. ಹನ್ನೆರಡಕ್ಕೂ ಗುರುತು ಹಾಕಿ, ವೈ, ಇ, ಎಸ್ ಎಂದು ಒತ್ತಿದೆ.

ಮಾವ ಬಂದಾಗ ಅವರ ಕಣ್ಣು ಇನ್ನೂ ಮುಚ್ಚಿತ್ತು. "ಎಂತ ಬಂದಿದೆ? ಓದು."

ಓದಿದೆ. ಹನ್ನೆರಡು ಡಿಸ್ಕು, ಫಾರ್ಮ್ಯಾಟ್ ಆಗುತ್ತಿದೆ, ಶೇಕಡಾ ಮೂರು.

ಅವರು ನಿಂತಲ್ಲೇ ನಿಂತರು. ಹೆಬ್ಬೆರಳು ಒಂದು ಗೆರೆಯ ಮೇಲೆ ನಿಂತುಬಿಟ್ಟಿತು. "ನಿಲ್ಲಿಸಲಾ ಮಾವ?" ಎಂದೆ.

"ಬ್ಯಾಡ ಬಿಡು. ಮೊದಲನೇ ಗೆರೆ ಬಿದ್ದಾಯ್ತು" ಎಂದರು. ಕುರ್ಚಿ ತಡವಿ ಕೂತರು. ಬೈದಿದ್ದರೆ ಒಳ್ಳೆಯದಿತ್ತು. "ಒಂದು ಲೋಟ ನೀರು ಕೊಡು" ಎಂದರು.

ಸಂಜೆ ನಾಲ್ಕಕ್ಕೆ ಫೋನು ಬಂತು. ಆ ಕಡೆ ಐದಾರು ಜನ ಇದ್ದರು. ಹನ್ನೆರಡನೆಯದು ಹಳೆಯ ವ್ಯವಸ್ಥೆಯ ಡಿಸ್ಕು. ಯಾರೋ ತಪ್ಪಿ ಲಿನಕ್ಸಿನ ಈ ಮೂಲೆಗೆ ಕೊಟ್ಟಿದ್ದರು. ಜನರ ಅರ್ಜಿಗಳು ಅದರಲ್ಲಿದ್ದವು. ಅದರ ಪ್ರತಿ ಬೇರೆ ಕಡೆ ಇತ್ತು, ಆದರೆ ಮೂರು ವಾರ ಹಳೆಯದು. ಆ ಮೂರು ವಾರದ್ದನ್ನು ಒಂದು ವಿಭಾಗವೇ ಕೂತು ಮತ್ತೆ ತುಂಬಬೇಕಾಗಿತ್ತು. ಯಾರು ಯೆಸ್ ಕೊಟ್ಟದ್ದು ಎಂದು ಒಬ್ಬರು ಕೇಳಿದರು.

ನಾನು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದರು. ಕಾಣದಿದ್ದರೂ ಸರಿಯಾಗಿ ನನ್ನ ಮುಖದ ಮುಂದೆ ಹಿಡಿದರು. "ನಾನೇ ಕೊಟ್ಟಿದ್ದು" ಎಂದು ಇಂಗ್ಲಿಷಿನಲ್ಲಿ ಹೇಳಿದರು. "ನನಗೆ ಕಣ್ಣು ಸರಿ ಇಲ್ಲ. ಎರಡು ಮೂರು ವರ್ಷದಿಂದ ಇಲ್ಲ. ನಂಬರು ನೋಡುವುದರಲ್ಲಿ ತಪ್ಪಾಯಿತು. ನಿಮಗೆ ಮೊದಲೇ ಹೇಳಬೇಕಿತ್ತು."

ಮೇಡಂ ಅಲ್ಲೇ ಇದ್ದರು, ಅವರು ಕೆಮ್ಮಿದ್ದು ನನಗೆ ಕೇಳಿಸಿತು. ಅವರು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಫೋನು ಇಟ್ಟ ಮೇಲೆ ನಾನು ಅತ್ತೆ. ಮೇಡಂ ಹೇಳಿದರೆಂದು ನಾನೇ ಯೆಸ್ ಒತ್ತಿದ್ದು, ಈಗಲೇ ಫೋನು ಮಾಡಿ ನಿಜ ಹೇಳುತ್ತೇನೆ ಎಂದೆ.

"ಹೇಳಿದ್ರೆ ಆ ಹೆಣ್ಣುಮಗಳ ಕೆಲಸ ಹೋಗ್ತದೆ. ನಂದು ಹೆಂಗೂ ಹೋಗೋದೇ ಇತ್ತು" ಎಂದರು. ಆಮೇಲೆ, "ಓದೋಳನ್ನ ಒಬ್ಬಳೇ ಬಿಟ್ಟು ಎದ್ದು ಹೋದವ ನಾನು. ನನ್ನ ಕಣ್ಣಿಗೆ ನೀನು ಕಣ್ಣಾದ್ರೆ, ನಿನ್ನ ತಲೆಗೆ ತಲೆಯಾಗಿ ನಾನು ಇರಬೇಕಿತ್ತಲ್ಲ" ಎಂದರು. ಅವರು ನನ್ನನ್ನು ಸಮಾಧಾನ ಮಾಡಲು ಹಾಗೆಂದರೋ, ನಿಜವಾಗಿ ಹಾಗೇ ನಂಬಿದ್ದರೋ, ನನಗೆ ಇವತ್ತಿಗೂ ತಿಳಿಯದು. ಟೀಚರಕ್ಕನಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಆ ಮಾತು ನನಗೆ ಎಷ್ಟು ಅನುಕೂಲವಾಗಿತ್ತು ಎಂಬುದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಆಮೇಲೆ ಯಾವ ಕೆಲಸವೂ ಬರಲಿಲ್ಲ. ಹಳೆಯ ಸಹೋದ್ಯೋಗಿ ಒಮ್ಮೆ ಫೋನು ಮಾಡಿ, ಕಣ್ಣಿನ ವಿಷಯ ಮುಚ್ಚಿಟ್ಟದ್ದಕ್ಕೆ ನೊಂದುಕೊಂಡರಂತೆ. ಟೀಚರಕ್ಕ ಕಂಪ್ಯೂಟರಿಗೆ ಹಳೆಯ ದಿಂಬಿನ ಚೀಲ ಹೊದಿಸಿದರು. ಒಂದು ದಿನ ನಾನು ಬಟ್ಟೆ ಒಣಹಾಕುವಾಗ ಅವರು ಅಣ್ಣನಿಗೆ ಹೇಳುತ್ತಿದ್ದದ್ದು ಕಾಂಪೌಂಡು ದಾಟಿ ಬಂತು. "ಕಣ್ಣು ಕಾಣದಿಲ್ಲ ಅಂದ ಮೇಲೆ ಸುಮ್ಮನೆ ಕೂರಕ್ಕೆ ಎಂತ ನಿಂಗೆ? ಯಾರದ್ದೋ ಕಾಗದ ಪತ್ರ ಹಾಳು ಮಾಡಿ, ಇದ್ದ ಮರ್ಯಾದೇನೂ ಕಳ್ಕೊಂಡು..."

"ಹೌದು ಮಾರಾಯ್ತಿ. ತಪ್ಪಾಯ್ತು" ಎಂದರು ಮಾವ.

ನಾನು ಒದ್ದೆ ಸೀರೆಯ ಹಿಂದೆ ನಿಂತಿದ್ದೆ. ಕೈಯಲ್ಲಿ ಕ್ಲಿಪ್ಪು ಇತ್ತು. ಸೀರೆಗೆ ಕ್ಲಿಪ್ಪು ಹಾಕಿ ಒಳಗೆ ಬಂದೆ.

ಮರುದಿನ ಅವರೇ ಕರೆದರು. "ಪೇಪರ್ ಓದಕ್ಕೆ ಬಾ. ಓದದು ಮರೆತು ಹೋದೀತು." ಅಂದಿನಿಂದ ದಿನವೂ ಹನ್ನೊಂದಕ್ಕೆ ಹೋದೆ. ಅಲ್ಲಿಯೂ ಸಾರಾಂಶ ಒಪ್ಪುತ್ತಿರಲಿಲ್ಲ. ನಿಧನವಾರ್ತೆಯಲ್ಲಿ ಬಂಧುಗಳ ಹೆಸರುಗಳನ್ನೆಲ್ಲ ಓದಬೇಕು. ತಲೆ ವಾಲಿಸಿ ಕೇಳುತ್ತಿದ್ದರು. ಕೊನೆ ಕೊನೆಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಹೊತ್ತು ತಪ್ಪದೆ ಹನಿ ಹಾಕಿಕೊಳ್ಳುತ್ತಿದ್ದರು. ಬೆರಳ ಗೆರೆಗಳ ಮೇಲೆ ಏನೋ ಎಣಿಸುತ್ತಿದ್ದರು. ಯಾವ ಡಿಸ್ಕು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಹೋದ ದಿನ ಮಧ್ಯಾಹ್ನಕ್ಕೆ ಮನೆ ತುಂಬಿತು. ಶೃಂಗೇರಿ ಕಡೆಯಿಂದ ದಾಯಾದಿಗಳು ಬಂದರು, ಹರಿಹರಪುರದ ನೆಂಟರು ಬಂದರು. ನಾನು ನಮ್ಮ ಅಡಿಗೆಮನೆಯಿಂದ ಕಾಫಿ ಮಾಡಿ ತಂದು ಹೊರಗಿನವರಿಗೆ ಕೊಡುತ್ತಿದ್ದೆ. ಟೀಚರಕ್ಕ ಗೋಡೆಗೆ ಒರಗಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಆ ಒಂದು ತಪ್ಪು ಆದ ಮೇಲೆ ಅಣ್ಣ ಅಣ್ಣನ ಹಂಗೆ ಇರಲಿಲ್ಲ." ಅವರ ಪಕ್ಕದಲ್ಲಿ ಹೋಗಿ ಕೂತೆ. ಕೈ ಹಿಡಿದುಕೊಂಡೆ. "ಟೀಚರಕ್ಕ, ಒಂದು ಮಾತು..." ಎಂದೆ.

"ಗೊತ್ತು ಕಣೇ" ಎಂದು ಅವರು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ಕೊನೇವರೆಗೆ ಅವನ ಕೈ ಬಿಡದೋಳು ನೀನೊಬ್ಬಳೇ. ಬೇರೆಯವರು ಎಲ್ಲಾ ಬಿಟ್ಟರು."

ಅಷ್ಟರಲ್ಲಿ ಯಾರೋ ಹೊಸಬರು ಬಂದರು. ಟೀಚರಕ್ಕ ಮತ್ತೆ ಅಳತೊಡಗಿದರು. ನಾನು ಎದ್ದು ಲೋಟಗಳನ್ನು ಒಟ್ಟುಮಾಡಿದೆ.

ನಾಲ್ಕು ಗಂಟೆಗೆ ಎತ್ತಿದರು. ಗಂಡಸರು ವಾಪಸು ಬಂದು ಸ್ನಾನ ಮಾಡಿ ಹೋಗುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ನಾನು ಗೇಟಿನ ಹತ್ತಿರ ನಿಂತಿದ್ದೆ. ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುವ ಹೆಂಗಸು ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಆ ದಾರಿಯಾಗಿ ಬಂದರು. ನಿಂತು, ಪಕ್ಕದ ಮನೆಯ ಕಡೆ ನೋಡಿ ಲೊಚಗುಟ್ಟಿದರು.

"ಪಾಪ, ಒಳ್ಳೆ ಮನುಷ್ಯ. ಕಣ್ಣು ಕಾಣದೆ ಅದೆಂತದೋ ಅಳಿಸಿ ಹಾಕಿದ್ರಂತಲ್ಲ, ಅದೇ ಕೊರಗಿರಬೇಕು" ಎಂದರು. ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಹೊರಡುತ್ತ ಅಂದರು: "ನೀವು ಪಕ್ಕದಲ್ಲೇ ಕೂತಿರ್ತಿದ್ರಪ್ಪ, ಒಂದು ಮಾತು ಬ್ಯಾಡ ಅನ್ನಬಾರದಿತ್ತಾ?"